ಐವತ್ತು ಕಿಲೋವರೆಗೆ

ನಾನು ಒಂದು ಸ್ಪ್ರಿಂಗ್ ತಕ್ಕಡಿ. ನಮ್ಮ ಕಡೆಯ ಜನ ಕಾಟಾ ಅನ್ನುತ್ತಾರೆ. ಹಿತ್ತಾಳೆಯ ಮೈ, ಒಂದೂವರೆ ಗೇಣು ಉದ್ದ. ತಲೆಯಲ್ಲಿ ಹಿಡಿಯಲು ಒಂದು ಕಡಗ, ಕಾಲಿನಲ್ಲಿ ಕೊಕ್ಕೆ. ಎದೆಯ ಮೇಲೆ ಸೊನ್ನೆಯಿಂದ ಐವತ್ತರವರೆಗೆ ಗೆರೆಗಳು. ಹೊಟ್ಟೆಯೊಳಗೆ ಸುರುಳಿ ಸುತ್ತಿದ ಉಕ್ಕಿನ ತಂತಿ. ಆ ತಂತಿಯೇ ನಾನು; ಉಳಿದದ್ದೆಲ್ಲ ಅಂಗಿ.

ಹುಟ್ಟಿದ್ದು ಒಂದು ತಗಡಿನ ಶೆಡ್ಡಿನಲ್ಲಿ. ಒಬ್ಬ ಮುದುಕ ತಂತಿಯನ್ನು ಸಲಾಕೆಗೆ ಸುತ್ತಿ, ಕಾಯಿಸಿ, ಎಣ್ಣೆಯಲ್ಲಿ ಅದ್ದಿದ. ಆಮೇಲೆ ಮೂರು ದಿನ ಎಳೆದ, ಬಿಟ್ಟ, ಎಳೆದ, ಬಿಟ್ಟ. ಪ್ರತಿ ಸಲವೂ ಮೊದಲಿನ ಜಾಗಕ್ಕೇ ಮರಳುತ್ತೇನೆಂದು ಖಾತ್ರಿಯಾದ ಮೇಲೆ ಗೆರೆ ಕೊರೆದ. ಅಂದಿನಿಂದ ನನಗೆ ಸುಮ್ಮನಿರುವುದೆಂದರೆ ಏನೆಂದು ಗೊತ್ತಿಲ್ಲ. ಕಲ್ಲು ಬಿದ್ದಲ್ಲಿ ಬಿದ್ದಿರುತ್ತದೆ. ಸ್ಪ್ರಿಂಗು ಗಾಳಿ ಬೀಸಿದರೂ ಕೂದಲೆಳೆಯಷ್ಟು ಮಿಡಿಯುತ್ತದೆ.

ಮೊದಲ ಎರಡು ವರ್ಷ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಕಳೆದೆ. ಅಲ್ಲಿ ತೂಗುವವನು ಸೀನುತ್ತಿದ್ದ, ತೂಗಿಸುವವನೂ ಸೀನುತ್ತಿದ್ದ. ಇಬ್ಬರೂ ಸೀನುವುದು ನಿಂತ ಗಳಿಗೆಯಲ್ಲಿ ನನ್ನ ಮುಳ್ಳು ಎಲ್ಲಿದೆಯೋ ಅದೇ ತೂಕ. ಅಂಗಡಿಗೆ ದೊಡ್ಡ ಕಾಟಾ ಬಂದ ಮೇಲೆ ನನ್ನನ್ನು ಗದಗಿನ ಒಂದು ಗ್ಯಾಸ್ ಏಜೆನ್ಸಿಗೆ ಮಾರಿದರು. ಅಲ್ಲಿ ನಾನು ಖಾಜಾಹುಸೇನ ನದಾಫನ ಸೊಂಟಕ್ಕೆ ಬಿದ್ದೆ.

ಖಾಜಾ ಮನೆ ಮನೆಗೆ ಸಿಲಿಂಡರ್ ಹೊರುವವನು. ವಯಸ್ಸು ಮೂವತ್ತೊಂದು. ಗಿರಾಕಿ ಕೇಳಿದರೆ ನನ್ನ ಕೊಕ್ಕೆಗೆ ಸಿಲಿಂಡರ್ ಸಿಕ್ಕಿಸಿ ಎತ್ತಿ ತೋರಿಸಬೇಕು. ಉಳಿದ ಹೊತ್ತೆಲ್ಲ ನಾನು ಅವನ ಬೆಲ್ಟಿಗೆ ನೇತಾಡುತ್ತಿದ್ದೆ. ಹಾಗಾಗಿ ಅವನ ಬಲ ಮೊಣಕಾಲು ಕಟಕ್ ಎಂದದ್ದು ಅವನ ಹೆಂಡತಿಗಿಂತ ಮೊದಲು ನನಗೆ ಕೇಳಿಸಿತು. ಒಂಬತ್ತು ವರ್ಷ ಮೆಟ್ಟಿಲು ಹತ್ತಿದ ಕಾಲು. ಇನ್ನು ಮೂರು ವರ್ಷ ಬಂದರೆ ಹೆಚ್ಚು ಎಂದರು ಡಾಕ್ಟರು. ಖಾಜಾ ಆ ವಾರವೇ ಹೋಗಿ ಸಂಜೆ ಪಾಲಿಟೆಕ್ನಿಕ್ಕಿಗೆ ಹೆಸರು ಹಚ್ಚಿದ. ಡಿಪ್ಲೊಮಾ ಆದರೆ ಗ್ಯಾಸ್ ತುಂಬುವ ಘಟಕದಲ್ಲಿ ವಾಲ್ವ್ ಪರೀಕ್ಷೆ ಮಾಡುವ ಕೆಲಸವಿದೆ. ಅಲ್ಲಿ ಕುರ್ಚಿ ಇರುತ್ತದೆ.

ಮೊದಲ ವರ್ಷದಲ್ಲಿ ಎಲ್ಲ ಪಾಸಾದ, ಫಿಜಿಕ್ಸ್ ಒಂದನ್ನು ಬಿಟ್ಟು. ಅದರಲ್ಲಿ ಎರಡು ಸಲ ಬಿದ್ದ. ಮೂರನೆಯದು ಕೊನೆಯ ಅವಕಾಶ, ಇದೂ ಹೋದರೆ ಪಟ್ಟಿಯಿಂದ ಹೆಸರು ತೆಗೆಯುತ್ತೇವೆ ಎಂದು ಪ್ರಾಂಶುಪಾಲರು ಕರೆದು ಹೇಳಿದ್ದರು.

ಅವನು ದಡ್ಡನಾಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಅವನ ತೊಂದರೆಯೇ ಬೇರೆ. ಅವನು ಪ್ರಶ್ನೆಪತ್ರಿಕೆಯ ಜೊತೆ ಜಗಳಕ್ಕೆ ನಿಲ್ಲುತ್ತಿದ್ದ. ಒಬ್ಬ ಹಮಾಲ ಮೂವತ್ತು ಕಿಲೋ ಹೊರೆ ಹೊತ್ತು ಸಮತಟ್ಟಾದ ರಸ್ತೆಯಲ್ಲಿ ನೂರು ಮೀಟರ್ ನಡೆದರೆ, ಗುರುತ್ವದ ವಿರುದ್ಧ ಅವನು ಮಾಡಿದ ಕೆಲಸ ಎಷ್ಟು? ಗೈಡಿನಲ್ಲಿ ಉತ್ತರ ಸೊನ್ನೆ. ಖಾಜಾ ಎರಡೂ ಸಲ ಮೂವತ್ತನ್ನು ಒಂಬತ್ತು ಪಾಯಿಂಟ್ ಎಂಟರಿಂದ ಗುಣಿಸಿ, ಅದನ್ನು ನೂರರಿಂದ ಗುಣಿಸಿ, ಕೆಳಗೆ ಒಂದು ಸಾಲು ಸೇರಿಸಿ ಬಂದಿದ್ದ: ‘ಬಿಸಿಲಿದ್ದರೆ ಇನ್ನೂ ಹೆಚ್ಚು.’

ಪರೀಕ್ಷೆಯ ಹಿಂದಿನ ದಿನ ರಜೆ ಸಿಗಲಿಲ್ಲ. ಮೂವತ್ತೆಂಟು ಸಿಲಿಂಡರ್ ಮುಟ್ಟಿಸಬೇಕಿತ್ತು. ಟಂಟಂ ಗಾಡಿಯ ಡ್ರೈವರ್ ಕಲ್ಲಪ್ಪ ಹೂಗಾರ ಗೈಡನ್ನು ಸ್ಟೇರಿಂಗಿನ ಮೇಲಿಟ್ಟುಕೊಂಡ. ಐವತ್ತು ದಾಟಿದ, ಎಂಬತ್ತೈದು ಕಿಲೋದ ಮನುಷ್ಯ. ಓದಿದ್ದು ಏಳನೇ ಇಯತ್ತೆ, ಅದೂ ಅರ್ಧ. ಗಾಡಿ ನಿಂತಲ್ಲೆಲ್ಲ ಒಂದೊಂದು ಪ್ರಶ್ನೆ ಓದುವುದು ಅವನ ಕೆಲಸ. ಖಾಜಾನ ಬೆರಳುಗಳು ನನ್ನ ಕೊಕ್ಕೆಯನ್ನು ಎಳೆಯುತ್ತಿದ್ದವು, ಬಿಡುತ್ತಿದ್ದವು. ಆ ದಿನ ಬೆಳಗಿನಿಂದಲೇ ನನಗೆ ಒಂದು ನಿಮಿಷ ಪುರುಸೊತ್ತಿರಲಿಲ್ಲ.

“ಜಡತ್ವ ಅಂದ್ರೇನೋ?”

“ಇದ್ದಂಗ ಇರಬೇಕನ್ನೂ ಗುಣ.”

“ಹಂಗಾರ ನಮ್ಮ ಮ್ಯಾನೇಜರ್ ಹೆಸರು ಬರದು ಬಾ, ಮಾರ್ಕ್ಸ್ ಹಾಕ್ತಾರ.”

ಎದುರಿಗೆ ಎಮ್ಮೆ ಬಂತು. ಕಲ್ಲಪ್ಪ ಬ್ರೇಕ್ ಒತ್ತಿದ. ಹಿಂದಿನ ಸಿಲಿಂಡರುಗಳು ಢಣಢಣ ಮುಂದೆ ಸರಿದವು, ಖಾಜಾನ ಹಣೆ ಗಾಜಿಗೆ ಬಡಿಯಿತು.

“ನೋಡಿದ್ಯಾ, ಗಾಡಿ ನಿಂತು, ನೀ ನಿಂದರಲಿಲ್ಲ. ಉದಾಹರಣೆ ಅಂತ ಬರಕೊ.”

“ಹಣಿ ಬಾತೇತಿ, ಅಣ್ಣಾ.”

“ಛಲೋ ಆತು. ನಾಳಿಗೆ ಮುಟ್ಟಿ ನೋಡ್ಕೊಂಡ್ರ ನೆನಪಾಗ್ತೈತಿ.”

ಮುಂದಿನ ಓಣಿಯಲ್ಲಿ ರಾಶಿ ಮತ್ತು ತೂಕದ ವ್ಯತ್ಯಾಸ. ಚಂದ್ರನ ಮೇಲೆ ವಸ್ತುವಿನ ರಾಶಿ ಬದಲಾಗದು, ತೂಕ ಆರರಲ್ಲಿ ಒಂದು ಪಾಲಾಗುತ್ತದೆ ಎಂದು ಖಾಜಾ ಗಡಗಡ ಒಪ್ಪಿಸಿದ. ಕಲ್ಲಪ್ಪ ನನ್ನನ್ನು ನೋಡಿ ಯೋಚನೆಗೆ ಬಿದ್ದ.

“ಅಂದ್ರ ಅಲ್ಲಿ ಈ ಕಾಟಾ ತುಂಬಿದ ಸಿಲಿಂಡರ್‌ಗೆ ಐದು ಕಿಲೋ ತೋರಸ್ತೈತಿ?”

“ಹೂಂ. ಗ್ಯಾಸ್ ಮಾತ್ರ ಪೂರಾ ಇರತೈತಿ.”

“ಗಿರಾಕಿ ಕೇಳ್ತಾನೇನೋ ಮಗನ? ಬೂಟು ತಗೊಂಡು ಹೊಡೀತಾನ. ಚಂದ್ರಗ ಡಿಲೆವರಿ ಬ್ಯಾಡಪಾ.”

ಇಷ್ಟೆಲ್ಲ ನಗೆ ಹಮಾಲನ ಪ್ರಶ್ನೆ ಬರುವವರೆಗೆ. ಅದು ಬಂದದ್ದೇ ಖಾಜಾ ಗೈಡನ್ನು ಕಸಿದು ಮುಚ್ಚಿದ.

“ಸೊನ್ನೆ ಅಂತ ಅಣ್ಣಾ! ಹತ್ತು ವರ್ಷ ಹೊತ್ತೇನಿ. ಇದನ್ನ ಬರದಾವ ಒಂದ ದಿನ ಹೊರಲಿ, ಸಂಜಿಮುಂದ ಅವನ ಬಾಯಿಲೆ ಸೊನ್ನೆ ಅನ್ಸು.”

ಕಲ್ಲಪ್ಪ ಗೇರ್ ಹಾಕಿದ.

ಮಧ್ಯಾಹ್ನ ಗೋಡೌನಿನ ಮುಂದೆ ರೊಟ್ಟಿ ಬಿಚ್ಚಿದರು. ಆಗ ಬಂತು ನನ್ನ ಸರದಿ. ಸ್ಥಿತಿಸ್ಥಾಪಕತೆಯ ಮಿತಿ ಎಂದರೇನು? ಖಾಜಾ ನಾಲ್ಕು ಸಲ ಓದಿದ, ನಾಲ್ಕು ಸಲ ಮರೆತ. ತಲೆ ತುಂಬ ಹಮಾಲನೇ ಕೂತಿದ್ದ. ಕಲ್ಲಪ್ಪ ಕೈ ಒರೆಸಿಕೊಂಡು ಎದ್ದು, ನೀರಿನ ಟಾಕಿಯ ಕಬ್ಬಿಣದ ತೊಲೆಗೆ ನನ್ನನ್ನು ಕಟ್ಟಿದ.

“ಓದಿದ್ದು ಹೋಗತೈತಿ, ನೋಡಿದ್ದು ಹೋಗಂಗಿಲ್ಲ. ನಾ ಜೋತು ಬೀಳತೇನಿ, ನೀ ಮುಳ್ಳು ನೋಡು.”

“ಬ್ಯಾಡಣ್ಣಾ, ಐವತ್ತರ ಮ್ಯಾಲ...”

ಕೊಕ್ಕೆಗೆ ಹಗ್ಗದ ಕುಣಿಕೆ ಹಾಕಿ, ಅದರಲ್ಲಿ ಎರಡೂ ಕೈ ತೂರಿಸಿ, ಕಲ್ಲಪ್ಪ ಕಾಲು ಮಡಚಿಬಿಟ್ಟ. ಎಂಬತ್ತೈದು ಕಿಲೋ! ಮುಳ್ಳು ಐವತ್ತು ದಾಟಿ ಓಡಿತು. ಅದನ್ನು ತಡೆಯಬೇಕಿದ್ದ ಅಡ್ಡ ಮೊಳೆ ಬಾಗಿತು. ಹೊಟ್ಟೆಯೊಳಗೆ ಏನೋ ಸಡಿಲವಾಯಿತು. ನೋವಾಯಿತೇ ಎಂದರೆ ಹೇಳಲಾರೆ. ಆದರೆ ಅವನು ಇಳಿದಾಗ ನಾನು ಎಂದಿನಂತೆ ಮೇಲಕ್ಕೆ ಹಾರಿದೆ, ಹಾರಿ ಎರಡನೇ ಗೆರೆಯಲ್ಲಿ ನಿಂತೆ. ಸೊನ್ನೆಗೆ ಹೋಗಲು ಆಗಲಿಲ್ಲ. ಖಾಜಾ ಬೆರಳಿನಿಂದ ನೂಕಿದ. ಕೈ ಬಿಟ್ಟೊಡನೆ ಮತ್ತೆ ಎರಡು.

“ಯಾ ಅಲ್ಲಾ,” ಎಂದ ಖಾಜಾ. ತನ್ನ ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡು ಹೇಳಿದ: “ಯಾವ ಭಾರದ ಆಚಿಗೆ ಎಳದ್ರ ವಸ್ತು ತಿರಗಿ ಮೊದಲಿನಂಗ ಆಗೂದಿಲ್ಲೋ, ಅದಣ್ಣಾ ಮಿತಿ.”

“ಬಂತಲ್ಲ!” ಎಂದ ಕಲ್ಲಪ್ಪ. ಆದರೆ ಅವನ ಮುಖವೂ ಸಪ್ಪಗಾಗಿತ್ತು.

ಮೂರು ಗಂಟೆಗೆ ಅಂಬಾಬಾಯಿ ಕುಲಕರ್ಣಿ ಎಂಬ ಅಜ್ಜಿಯ ಮನೆ, ಮೂರನೇ ಮಹಡಿ. ತೂಕ ಮಾಡದೆ ಸಿಲಿಂಡರನ್ನು ಹೊಸ್ತಿಲು ದಾಟಿಸಲು ಬಿಡುವವರಲ್ಲ ಅವರು. ಖಾಜಾ ಸಿಕ್ಕಿಸಿ ಎತ್ತಿದ. ಅಜ್ಜಿ ಕನ್ನಡಕ ಏರಿಸಿದರು.

“ಮೂವತ್ತೊಂದೂವರಿ? ಎರಡು ಕಿಲೋ ಪುಕ್ಕಟೆ ಕೊಡ್ಲಿಕ್ಕೆ ಹತ್ತೀಯೇನೋ?”

ಖಾಜಾ ಹೂಂ ಎಂದುಬಿಡಬಹುದಿತ್ತು. ಕೆಳಗೆ ಇನ್ನೂ ಹದಿನಾಲ್ಕು ಸಿಲಿಂಡರ್ ಕಾಯುತ್ತಿದ್ದವು.

“ಕಾಟಾ ಕೆಟ್ಟೈತ್ರಿ ಅಕ್ಕಾರ. ಇವತ್ತ ಒಬ್ಬಾವ ಜೋತು ಬಿದ್ದ.”

“ಖಾಲಿ ಇದ್ದಾಗ ಎಷ್ಟ ತೋರಸ್ತದ?”

“ಎರಡು.”

“ಮತ್ತ ಎರಡು ಕಳಿ. ಡಬ್ಬಿ ತೂಗಿ, ಆಮ್ಯಾಲೆ ಹಿಟ್ಟು ತೂಗೂದಿಲ್ಲೇನು ನಾವು? ಅದಕ್ಕ್ಯಾಕ ಇಷ್ಟು ಮಾರಿ ಸಣ್ಣ ಮಾಡ್ತಿ?”

ಖಾಜಾ ಮೆಟ್ಟಿಲ ಮೇಲೆ ಕೂತು ಗೈಡ್ ತೆಗೆದ. ‘ಶೂನ್ಯ ದೋಷ’ ಎಂಬ ಪುಟವನ್ನು ಅವನು ಕಷ್ಟವೆಂದು ಬಿಟ್ಟಿದ್ದ. ಈಗ ಅಲ್ಲಿ ಹಿಟ್ಟಿನ ಡಬ್ಬಿ ಎಂದು ಬರೆದುಕೊಂಡ.

“ಏನದು?”

“ನಾಳೆ ಪರೀಕ್ಷಾ ಐತ್ರಿ.”

“ಈ ವಯಸ್ಸಿನಾಗ?”

“ನನ್ನ ವಯಸ್ಸು ಇರಲ್ರಿ, ಮೊಣಕಾಲಿನ ವಯಸ್ಸು ನೋಡ್ರಿ. ಅದು ಅರವತ್ತಕ್ಕ ಬಂದೈತಿ.”

ಸಂಜೆ ಉಳಿದದ್ದು ಒಂದೇ ಸಿಲಿಂಡರ್. ಗಾಡಿ ಹೋಗದ ಇಕ್ಕಟ್ಟಾದ ಓಣಿ, ನೂರು ಹೆಜ್ಜೆ, ಕೈಯಲ್ಲಿ ಒರೆಸಿದಂತೆ ಸಮ. ಖಾಜಾ ಹೊತ್ತು ನಡೆದ. ಕಲ್ಲಪ್ಪ ನನ್ನನ್ನು ಹಿಡಿದು ಹಿಂದೆ ಬಂದ. ಮಧ್ಯಾಹ್ನದಿಂದ ಅವನೂ ಒಳಗೊಳಗೇ ಏನನ್ನೋ ತಿರುಗಿಸುತ್ತಿದ್ದನೆಂದು ಕಾಣುತ್ತದೆ. ಅರ್ಧ ದಾರಿಯಲ್ಲಿ ಕೂಗಿದ.

“ಖಾಜಾ, ನಿಂದರ. ಸಿಲಿಂಡರ್ ನೆಲದಿಂದ ಎಷ್ಟ ಎತ್ತರ ಐತಿ?”

“ಹೆಗಲಮಟ. ಯಾಕ?”

“ಓಣಿ ಬಾಯಾಗ ಎಷ್ಟಿತ್ತು?”

“ಅಷ್ಟ.”

“ಕಡೀಕ ಹೋದ್ರ?”

“ಅಷ್ಟ. ಅಣ್ಣಾ, ಹೆಗಲು ಹರಿಯಾಕತ್ತೈತಿ, ಜಲ್ದಿ ಹೇಳು.”

“ಹೆಗಲು ನಿಂದು. ಸಿಲಿಂಡರ್‌ದೇನು ಹೋತು? ಅದು ಮ್ಯಾಲ ಹೋಗಿಲ್ಲ, ಕೆಳಗ ಬಂದಿಲ್ಲ. ನಿನ್ನ ಪುಸ್ತಕ ಸಿಲಿಂಡರ್‌ನ ಕೇಳಾಕತ್ತೈತೋ ಹುಚ್ಚಾ, ನಿನ್ನ ಕೇಳಾಕತ್ತಿಲ್ಲ. ನಿನ್ನ ಕೇಳಾಕ ನಾ ಅದೀನಿ.”

ಖಾಜಾ ಹೊರೆ ಇಳಿಸಲಿಲ್ಲ. ಹೊತ್ತುಕೊಂಡೇ ನಿಂತ. ಅವನ ಕುತ್ತಿಗೆಯ ನರ ಉಬ್ಬಿತ್ತು, ಗಲ್ಲದಿಂದ ಬೆವರು ಇಳಿಯುತ್ತಿತ್ತು. ನಿಧಾನವಾಗಿ ತುಟಿಗಳು ಅಗಲವಾದವು.

“ಮೂರನೇ ಮಹಡಿಗೆ ಹತ್ತಿಸಿದ್ರ?”

“ಅದರ ಲೆಕ್ಕ ನೀನ ಮಾಡು, ನಾ ಏಳನೇ ಇಯತ್ತೆ.”

ಮರುದಿನ ನಾನು ಗಾಡಿಯ ರಿಪೇರಿ ಸಾಮಾನಿನ ಡಬ್ಬಿಯಲ್ಲಿ ಪಾನಾಗಳ ಜೊತೆ ಬಿದ್ದಿದ್ದೆ. ಕಲ್ಲಪ್ಪ ಕಾಲೇಜಿನ ಗೇಟಿನ ಮುಂದೆ ಮೂರು ಗಂಟೆ ಗಾಡಿ ನಿಲ್ಲಿಸಿಕೊಂಡಿದ್ದ. ಏಜೆನ್ಸಿಯಿಂದ ಫೋನ್ ಬಂದಾಗಲೆಲ್ಲ ಟಯರ್ ಪಂಕ್ಚರ್ ಎಂದ. ನಾಲ್ಕು ಸಲ ಹೇಳಿದ್ದರಿಂದ ನಾಲ್ಕು ಟಯರಾದವು; ಗಾಡಿಗಿರುವುದು ಮೂರೇ ಚಕ್ರ. ಖಾಜಾ ಹೊರಗೆ ಬಂದದ್ದೇ ಕಲ್ಲಪ್ಪ ಕೇಳಿದ.

“ಬಂದಿತ್ತೇನೋ ಹಮಾಲ?”

“ಬಂದಿದ್ದ.”

“ಏನ ಬರದಿ?”

“ಸೊನ್ನೆ.”

“ಬಿಸಿಲಿನ ಸುದ್ದಿ?”

“ಬರೀಲಿಲ್ಲ. ಬರಿಯಾಕ ಕೈ ಮಾತ್ರ ಭಾಳ ಕಡೀತಿತ್ತು.”

ಫಲಿತಾಂಶಕ್ಕೆ ನಲವತ್ತು ದಿನ. ಆ ನಲವತ್ತು ದಿನ ಖಾಜಾ ಮೆಟ್ಟಿಲು ಹತ್ತುವಾಗ ಎಣಿಸಿದ, ಇಳಿಯುವಾಗ ಎಣಿಸಿದ. ಉತ್ತರಗಳನ್ನು ಬಾಯಲ್ಲೇ ಮತ್ತೆ ಮತ್ತೆ ಬರೆದು ಅಂಕ ಕೂಡಿದ. ಒಮ್ಮೆ ಮೂವತ್ತೆಂಟು ಬರುತ್ತಿತ್ತು, ಒಮ್ಮೆ ಐವತ್ತು. ನನ್ನ ಕೊಕ್ಕೆ ಅವನ ಬೆರಳಿಂದ ಬಿಡುಗಡೆಯನ್ನೇ ಕಾಣಲಿಲ್ಲ. ತೂಗುವ ಕೆಲಸ ಹೊಸ ಕಾಟಾಕ್ಕೆ ಹೋಗಿತ್ತು. ನನ್ನನ್ನು ಅವನು ಅಭ್ಯಾಸಬಲದಿಂದ ಕಟ್ಟಿಕೊಂಡು ತಿರುಗುತ್ತಿದ್ದ, ಅಷ್ಟೆ.

ಒಂದು ದಿನ ಹನ್ನೊಂದು ಗಂಟೆಗೆ, ನಾಲ್ಕು ಮಹಡಿಯ ಕಟ್ಟಡದ ಕೆಳಗೆ, ಮೊಬೈಲಿನಲ್ಲಿ ಫಲಿತಾಂಶ ತೆರೆಯಿತು. ಖಾಜಾಗೆ ನೋಡಲು ಧೈರ್ಯ ಸಾಲಲಿಲ್ಲ. ಕಲ್ಲಪ್ಪ ಕನ್ನಡಕವಿಲ್ಲದೆ ಮೊಬೈಲನ್ನು ತೋಳಳತೆ ದೂರ ಹಿಡಿದು ಓದಿದ.

“ನಲವತ್ಮೂರು. ಪಾಸಿಗೆ ಎಷ್ಟ ಬೇಕೋ?”

“ನಲವತ್ತು.”

ನಮ್ಮ ಗಾಡಿಗಳಲ್ಲಿ ಡ್ರೈವರ್ ಆದವನು ಸಿಲಿಂಡರ್ ಮುಟ್ಟುವ ಪದ್ಧತಿಯಿಲ್ಲ. ಮುಟ್ಟಿದರೆ ನಾಳೆಯಿಂದ ಹೊರುವುದೂ ಅವನ ಪಾಲಿಗೇ ಬರುತ್ತದೆ ಎಂಬ ಭಯ. ಕಲ್ಲಪ್ಪ ಮೊಬೈಲನ್ನು ಖಾಜಾನ ಕಿಸೆಗೆ ತುರುಕಿದ, ಹಿಂದಿನ ಬಾಗಿಲು ತೆರೆದ, ಒಂದು ಸಿಲಿಂಡರ್ ಎಳೆದು ಹೆಗಲಿಗೇರಿಸಿದ.

“ಅಣ್ಣಾ, ಇಡು. ನಾಕನೇ ಮಹಡಿ ಐತಿ.”

“ಹಾದಿ ಬಿಡೋ. ಡಿಪ್ಲೊಮಾದವ್ರು ಕೆಳಗ ಕುಂದರ್ರಿ.”

ಎರಡನೇ ಮಹಡಿಯವರೆಗೂ ಅವನ ಬೈಗುಳ ನಮಗೆ ಕೇಳಿಸುತ್ತಿತ್ತು. ಆಮೇಲೆ ಉಸಿರಾಟ ಮಾತ್ರ. ಖಾಜಾ ಗಾಡಿಯ ಹಿಂದಿನ ಹಲಗೆಯ ಮೇಲೆ ಕೂತು, ಮುಖವನ್ನು ಮೊಣಕಾಲಿಗೆ ಒತ್ತಿಕೊಂಡು ಅತ್ತ.

ಆ ವರ್ಷ ಕಾಟಾಗಳನ್ನು ಪರೀಕ್ಷಿಸಿ ಮುದ್ರೆ ಹಾಕಲು ಬಂದ ಸಾಹೇಬರು ನನ್ನನ್ನು ಒಮ್ಮೆ ನೋಡಿ ಪಕ್ಕಕ್ಕಿಟ್ಟರು. ಗುಜರಿಗೆ ಹೋಗಬೇಕಿದ್ದ ನನ್ನನ್ನು ಖಾಜಾ ಕೇಳಿ ಮನೆಗೆ ತಂದ. ಈಗ ನಾನು ಅವನ ಅಡುಗೆಮನೆಯ ಮೊಳೆಗೆ ತೂಗುಬಿದ್ದಿದ್ದೇನೆ. ಅವನ ಹೆಂಡತಿ ಶಂಶಾದ್ ನನ್ನ ಕೊಕ್ಕೆಗೆ ಈರುಳ್ಳಿ ಚೀಲ ಹಾಕುತ್ತಾಳೆ. ಎಷ್ಟು ಕಿಲೋ ಎಂದು ಯಾರೂ ನೋಡುವುದಿಲ್ಲ. ಸರಿಯಾಗಿ ತೂಗುತ್ತಿದ್ದ ಕಾಲದಲ್ಲಿ ಕೈಯಿಂದ ಕೈಗೆ ಹೋದೆ. ಕೆಟ್ಟ ಮೇಲೆ ನನಗೊಂದು ಮನೆ ಸಿಕ್ಕಿತು. ಇದಕ್ಕೆ ಕಾರಣ ಹುಡುಕಲು ನಾನು ಹೋಗಿಲ್ಲ.

ಖಾಜಾ ಇನ್ನೂ ಸಿಲಿಂಡರ್ ಹೊರುತ್ತಿದ್ದಾನೆ. ಮೊಣಕಾಲಿಗೆ ಪಟ್ಟಿ ಬಂದಿದೆ. ಎರಡನೇ ವರ್ಷದ ಪುಸ್ತಕಗಳು ಮೊದಲ ವರ್ಷದವಕ್ಕಿಂತ ದಪ್ಪ. ಕೆಲಸಕ್ಕೆ ಹೋಗುವ ಮುಂಚೆ, ಒಲೆಯ ಮೇಲೆ ಚಹಾ ಕುದಿಯುತ್ತಿರುವಾಗ, ನನ್ನ ಕೆಳಗೇ ಗೋಡೆಗೆ ಒರಗಿ ಕೂತು ಓದುತ್ತಾನೆ. ಬಾಗಿಲ ಸಂದಿಯಿಂದ ಗಾಳಿ ಬರುತ್ತದೆ, ಚೀಲ ತೂಗಾಡುತ್ತದೆ, ನನ್ನೊಳಗಿನ ತಂತಿ ಮಿಡಿಯತೊಡಗುತ್ತದೆ. ಸದ್ದಾದರೆ ಅವನು ತಲೆ ಎತ್ತುತ್ತಾನೆ. ಆದ್ದರಿಂದ ಅವನು ಒಂದು ಪುಟ ಮುಗಿಸುವವರೆಗೆ ಅಲ್ಲಾಡದೆ ಇರಲು ನೋಡುತ್ತೇನೆ. ಸ್ಪ್ರಿಂಗಿಗೆ ಅದು ಸುಲಭವಲ್ಲ. ನಿನ್ನೆ ಎರಡು ಪುಟ ತಡೆದೆ.