ಜಯಾಳ ಮುನ್ನೂರು ಓದುಗರು

ಕಪಿಲನ ನಗೆಹನಿಯ ವೆಬ್‌ಸೈಟಿಗೆ ದಿನಕ್ಕೆ ಎಂಟು ಸಾವಿರ ಜನ ಬರುತ್ತಿದ್ದರು. ಜಯಾಳ ಸೈಟಿಗೆ ಬರೀ ಮುನ್ನೂರು. ಆದರೂ ಜಾಹೀರಾತಿನ ದುಡ್ಡು ಅವಳಿಗೇ ಹೆಚ್ಚು ಬರುತ್ತದೆಂದು ಗೊತ್ತಾದ ದಿನ ಅವನಿಗೆ ಊಟ ಸೇರಲಿಲ್ಲ. ಹೊಟ್ಟೆಕಿಚ್ಚು ಒಂದು ಕಡೆ. ದೀಪಾವಳಿಯೊಳಗೆ ಸೈಟು ತನ್ನ ಖರ್ಚು ತಾನು ಹುಟ್ಟಿಸದಿದ್ದರೆ ಇಂಟರ್‌ನೆಟ್ಟೇ ತೆಗೆಸುತ್ತೇನೆಂದು ಅಪ್ಪ ರಮಾಕಾಂತರು ಹೇಳಿದ್ದು ಇನ್ನೊಂದು ಕಡೆ. ಎರಡು ಸಾವಿರದ ಎಂಟನೇ ಇಸವಿಯಲ್ಲೂ ನವನಗರದ ಆ ಮನೆಯಲ್ಲಿ ಅಪ್ಪನ ಮಾತೆಂದರೆ ಮಾತು.

ಜಯಾ ಅವನ ಕಾಲೇಜಿನ ಗೆಳತಿ, ಅಮರಗೋಳದ ದಲಾಲಿ ಅಂಗಡಿಯ ಗುರುಶಿದ್ದಪ್ಪನ ಮಗಳು. ಅವಳ ಗುಟ್ಟು ತಿಳಿಯಲೆಂದು ಕಪಿಲ ಒಂದು ಬೆಳಿಗ್ಗೆ ಮಾರುಕಟ್ಟೆಗೇ ಹೋದ. ಗುಟ್ಟೇನೂ ಇರಲಿಲ್ಲ. ಒಣಮೆಣಸಿನಕಾಯಿ ರಾಶಿಗೆ ಕೈ ಹಾಕಿ, ಹಿಡಿ ಹಿಸುಕಿ, ತೇವ ಎಷ್ಟಿದೆಯೆಂದು ನೋಡಿ, ಅದು ಯಾವ ದರಕ್ಕೆ ಹೋಯಿತೆಂದು ಅವಳು ತನ್ನ ಸೈಟಿಗಾಗಿ ಬರೆದುಕೊಳ್ಳುತ್ತಿದ್ದಳು. ಕಣ್ಣು ಉರಿದರೂ ಒಂದು ರಾಶಿಯನ್ನೂ ಬಿಡಲಿಲ್ಲ. ಕಪಿಲ ಸೀನಿ ಸೀನಿ ಅರ್ಧಕ್ಕೇ ಹೊರಗೆ ಓಡಿದ.

"ನಿನ್ನ ಮಂದಿ ಬರ್ತಾರ, ನಕ್ಕು ಹೋಗ್ತಾರ," ಎಂದಳು ಜಯಾ, ಆಮೇಲೆ ಹೊರಗೆ ಬಂದು. "ನನ್ನ ಮಂದಿ ಮಾಲು ಕೊಳ್ಳಾವರು, ಕೂಡಿಡಾವರು. ಕೋಲ್ಡ್ ಸ್ಟೋರೇಜಿನವರು ಇಂಥಾವರನ್ನ ಹುಡುಕಾಕತ್ತಾರ, ಅದಕ್ಕ ನನ್ನ ಸೈಟಿಗೆ ಜಾಹೀರಾತು ಕೊಡ್ತಾರ. ಒಬ್ಬ ಗಿರಾಕಿ ಸಿಕ್ಕರೂ ಅವರಿಗೆ ದೊಡ್ಡ ಯಾಪಾರ."

ನಗೆಹನಿಗಳ ಪಕ್ಕ ಬರುತ್ತಿದ್ದದ್ದು ಮೊಬೈಲ್ ರಿಂಗ್‌ಟೋನಿನ ಜಾಹೀರಾತು. ಯಾರಾದರೂ ಒತ್ತಿದರೆ ಸಿಗುವುದು ಪೈಸೆ. ಹಾಗಾದರೆ ಅವಳ ಜಾಹೀರಾತನ್ನು ತನ್ನ ಗೆಳೆಯರು ಒತ್ತಲಿ, ತನ್ನದನ್ನು ಅವಳ ಕಡೆಯವರು ಒತ್ತಲಿ ಎಂದು ಕಪಿಲ ಮದುವೆಮನೆಯ ಮುಯ್ಯಿಯ ಲೆಕ್ಕ ಹೇಳಿದ.

"ಕೊಳ್ಳಲಾರದವರು ಒತ್ತಿದ್ರ ಅದು ಜಾಹೀರಾತಿನವರ ರೊಕ್ಕ ತುಡುಗ ಮಾಡಿದಂಗ ಆಗ್ತೈತಿ, ಕಪಿಲ. ನಿನಗ ಮುಟ್ಟಿ ಗೊತ್ತಿರೂದು ಏನೈತಿ? ಅದನ್ನ ಬರಿ."

ಅವನಿಗೆ ನಾಚಿಕೆಯಾಯಿತು. ಎಂಟು ಸಾವಿರದ ಜಂಬ ಇಳಿದು, ಮೆಣಸಿನಕಾಯಿ ಘಾಟಿನಲ್ಲಿ ನಿಂತ ಈ ಹುಡುಗಿಯ ಮೇಲೆ ಗೌರವ ಉಕ್ಕಿತು.

ಅಪ್ಪ ಮೂವತ್ತು ವರ್ಷ ತಂಬೂರಿ ರಿಪೇರಿ ಮಾಡಿದವರು. ಸಣ್ಣವನಿದ್ದಾಗಿನಿಂದ ಪಕ್ಕದಲ್ಲಿ ಕೂತು ತಂತಿ ಹಿಡಿದವನು ಕಪಿಲ. ನಗೆಹನಿಗಳನ್ನೆಲ್ಲ ತೆಗೆದುಹಾಕಿ, ತಂಬೂರಿ ಕೊಳ್ಳುವಾಗ ಏನು ನೋಡಬೇಕು, ತಂತಿ ಹೇಗೆ ಕಟ್ಟಬೇಕು ಎಂದು ಬರೆಯತೊಡಗಿದ. ದಿನಕ್ಕೆ ಹದಿನೆಂಟು ಜನ ಬಂದರು. ಪಕ್ಕದಲ್ಲಿ ವಾದ್ಯದ ಅಂಗಡಿಯ ಜಾಹೀರಾತು ಬಂತು. ಈಗ ಒಂದು ಒತ್ತಿಗೆ ಸಿಕ್ಕಷ್ಟು ದುಡ್ಡು ಮೊದಲಿನ ಇಪ್ಪತ್ತು ಒತ್ತಿಗೂ ಸಿಕ್ಕಿರಲಿಲ್ಲ.

ಆದರೂ ದೀಪಾವಳಿಗೆ ಇಂಟರ್‌ನೆಟ್ಟಿನ ಅರ್ಧ ಬಿಲ್ಲೂ ಹುಟ್ಟಲಿಲ್ಲ. ಅಪ್ಪ ಹಿಂದೆ ಬಂದು ನಿಂತಾಗ ಕಪಿಲ ಪರದೆ ಕಾಣುವಂತೆ ಪಕ್ಕಕ್ಕೆ ಸರಿದ. ಅವರು ಕನ್ನಡಕ ಏರಿಸಿ ಕೊನೆಯವರೆಗೂ ಓದಿದರು.

"ತಂತಿ ಕೆಳಗ ದಾರಾ ಇಡೂದ ಬಿಟ್ಟೀಯಲ್ಲೋ. ನಾದ ಹೆಂಗ ಬರ್ತದ?" ಎಂದು ಕುರ್ಚಿ ಎಳೆದುಕೊಂಡು ಕೂತರು. "ಬಿಲ್ಲು ನಾ ಕಟ್ತೇನಿ. ನಾ ಹೇಳ್ತೇನಿ, ನೀ ಬರಿ."