ಎಲ್ಲರೂ ಚಂದಯ್ಯ

2007ರಲ್ಲಿ ಯಕ್ಷಗಾನ ಮೇಳದ ಕಚೇರಿಗೆ ಕಂಪ್ಯೂಟರ್ ಬಂತು. ಹರಕೆ ಆಟ ಆಡಿಸಲು ಹತ್ತು ವರ್ಷದಿಂದ ಕಾಯುತ್ತಿದ್ದವರ ಹೆಸರುಗಳನ್ನು ಗುಮಾಸ್ತೆ ಉಮಾವತಿ ಕನ್ನಡದಲ್ಲಿ ಟೈಪ್ ಮಾಡತೊಡಗಿದಳು. ಮೊದಲು ಚಂದಯ್ಯ. ಆಮೇಲೆ ಜಲಜ. 'ಈ ಹೆಸರು ಈಗಾಗಲೇ ಇದೆ' ಎಂದಿತು ಕಂಪ್ಯೂಟರ್. ಕುಸುಮ, ಬಚ್ಚ, ಸೋಮ ಎಂದು ಹೊಡೆದರೂ ಅದೇ ಉತ್ತರ.

ಅದನ್ನು ಮಾರಿದ ತಲ್ಲೂರಿನ ಶೈಲೇಶ್ ಬಂದು ನೋಡಿದ.

"ಹೆಸ್ರ್ ಜೋಡ್ಸು ಸೆಟ್ಟಿಂಗ್ ಇಂಗ್ಲಿಷಿಂದ್. ಎ ಆದ್ಮೇಲೆ ಬಿ ಅಂತ ಅದಕ್ಕೆ ಗೊತ್ತಿತ್ತ್. ಕನ್ನಡ ಅಕ್ಷರ ಯಾವ್ದಕ್ಕೂ ತೂಕವೇ ಇಲ್ಲ. ಹಾಂಗಾಯಿ ಎಲ್ರೂ ಒಂದೇ."

"ಸರಿ ಮಾಡುಕೆ?"

"ಬೇರೆ ಡಿಸ್ಕ್ ಬರ್ಕ್. ಅಷ್ಟೊತ್ತಿಗೆ ನಿಮ್ ಮೇಳದ ಈ ವರ್ಷದ ತಿರುಗಾಟ ಮುಗಿತ್ತ್."

ಇನ್ನು ಮುಂದೆ ಕಂಪ್ಯೂಟರಿನ ಪಟ್ಟಿಯೇ ಅಂತಿಮ ಎಂದು ಆಡಳಿತ ಮಂಡಳಿ ನಿರ್ಣಯ ಮಾಡಿಬಿಟ್ಟಿತ್ತು. ಮ್ಯಾನೇಜರ್ ಗುಣಪಾಲರು ಅದನ್ನು ಮೀರುವವರಲ್ಲ. ಆಟಗಳು ಅವರವರ ಪಾಳಿಯಂತೆ ನಡೆಯಲಿ, ಆಟಕ್ಕೆ ಮೊದಲಿನ ಚೌಕಿಪೂಜೆಯಲ್ಲಿ ಮಾತ್ರ ಪಟ್ಟಿಯಲ್ಲಿರುವ ಚಂದಯ್ಯನ ಹೆಸರನ್ನೇ ಕರೆಯಲಿ ಎಂದರು.

ಕುಂದಾಪುರದಲ್ಲಿ ಮೀನು ಮಾರುವ ಜಲಜ ಬುಟ್ಟಿ ಸಮೇತ ಕಚೇರಿಗೆ ಬಂದಳು. ಪೂಜೆಯಲ್ಲಿ ಹೆಸರು ಕರೆಯದಿದ್ದರೆ ಹರಕೆ ತೀರಿದಂತಲ್ಲ.

"ಹ್ವಾಯ್, ನನ್ ಮಗ ವಿಶಾಲ ಮೂರ್ ದಿನ ಕಡಲಂಗೆ ಇದ್ದ್ ಬದ್ಕಿ ಬಂದದ್ದ್! ಚಂದಯ್ಯಂದ್ ಎಂತ? ಕಳ್ದ್ ಹೋದ ಎಮ್ಮೆ ಸಿಕ್ಕದ್ದ್!"

"ಕಂಪ್ಯೂಟರಂಗೆ ನೀವೂ ಚಂದಯ್ಯನೇ ಜಲಜಕ್ಕ," ಎಂದರು ಗುಣಪಾಲರು.

ಕೊಕ್ಕರ್ಣೆಯ ಚಂದಯ್ಯನಿಗೆ ಮೊದಮೊದಲು ಖುಷಿಯೇ ಆಯಿತು. ಹೆಸರು ಕರೆದ ಮೇಲೆ ಹೋಗದಿದ್ದರೆ ದೇವರಿಗೆ ಅಪಚಾರ ಎಂದು ದಿನಾ ಸಂಜೆ ಆಟವಿರುವಲ್ಲಿಗೆ ಬಸ್ಸು ಹತ್ತಿದ. ಮೂವತ್ತೆರಡು ಊರಿನ ಪ್ರಸಾದ ತಿಂದು ಸೊರಗಿದ.

ಮೂವತ್ತಮೂರನೆಯದು ಜಲಜಳ ಆಟ. ವೇಷ ಕಟ್ಟುವ ಚೌಕಿಯಲ್ಲಿ ದೀಪ ಹಚ್ಚಿ ಭಟ್ಟರು ಚೀಟಿ ಓದಿದರು: "ಸೇವಾಕರ್ತರು ಚಂದಯ್ಯ."

ಜಲಜ ಕೈಕಟ್ಟಿ ನಿಂತಳು. "ನನ್ ಹೆಸ್ರ್ ಹೇಳಿ ಭಟ್ರೆ."

"ಚೀಟಿಯಂಗೆ ಇಲ್ಲ ಅಮ್ಮ."

ಹಿಂದಿನಿಂದ ಚಂದಯ್ಯ ನುಗ್ಗಿ ಬಂದ. "ಸೇವಾಕರ್ತ ನಾನಲ್ದಾ? ಹಾಂಗಾರೆ ನಾನ್ ಹೇಳ್ದಾಂಗೆ ಮಾಡಿ. ಇದ್ ಜಲಜಕ್ಕನ ಸೇವೆ. ಒಂದ್ ಎಮ್ಮೆಗೆ ಇಷ್ಟ್ ಆಟ ಎಂತಕೆ ಮಾರಾಯ್ರೆ!"

ಭಟ್ಟರು ಪಕ್ಕದಲ್ಲಿದ್ದ ಗುಣಪಾಲರ ಮುಖ ನೋಡಿದರು. ಗುಣಪಾಲರು ಲೆಕ್ಕ ಹಾಕಿದರು: ಹೇಳಿದವನು ಚಂದಯ್ಯ, ಪಟ್ಟಿಯಲ್ಲಿರುವವನೂ ಚಂದಯ್ಯ. ನಿಯಮ ತಪ್ಪಿಲ್ಲ. ತಲೆಯಾಡಿಸಿದರು.

"ಜಲಜ," ಎಂದು ಭಟ್ಟರು ಗಟ್ಟಿಯಾಗಿ ಕರೆದರು. ಅವಳು ಸೆರಗಿಗೆ ಕೈ ಒರೆಸಿ ಮುಂದೆ ಹೋದಳು.