ಬಾಯಿಯ ಮುಂದಿನ ಅಂಗೈ

ಬಾಗಿಲು ಪೂರ್ತಿ ಮುಚ್ಚಿಕೊಳ್ಳಲಿಲ್ಲ, ಸಂದಿಯಿಂದ ಫ್ಯಾನಿನ ಗಾಳಿ ಬಂದು ಸುಮನಾಳ ಪಾದಕ್ಕೆ ತಾಗುತ್ತಿದೆ, ಒಳಗೆ ಕುರ್ಚಿ ಎಳೆದ ಸದ್ದು, ಕೂತ್ಕೊಳಮ್ಮ ಅಂದ ಗಂಡಸಿನ ದನಿ, ಶ್ರುತಿಯ ಬಿಳಿ ಕೋಲು ಗೋಡೆಗೆ ಒರಗಿದ ಸಣ್ಣ ಟಕ್ — ಹೋದಳು ಹುಡುಗಿ, ಇನ್ನು ಅವಳುಂಟು ಅವಳ ನಾಲಿಗೆಯುಂಟು, ಆದರೆ ಆ ನಾಲಿಗೆಯಾದರೂ ಯಾರದು, ಕಣ್ಣಿಲ್ಲದವಳಿಗೆ ಇಂಗ್ಲಿಷಿನ ಅಕ್ಷರ ಬ್ರೈಲಿನಿಂದ ಬಂತು, ಸದ್ದು ಬಂದದ್ದು ಸುಮನಾ ಮೇಡಂ ಓದಿ ರೆಕಾರ್ಡ್ ಮಾಡಿಕೊಟ್ಟ ಪಾಠಗಳಿಂದ, ಇವತ್ತು ಈ ಕಡೂರಿನ ಕೋಣೆಯಲ್ಲಿ ಚೆನ್ನಾಗಿ ಓದಿದರೆ ಕುರುಡು ಮಕ್ಕಳಿಗೆ ಇಂಗ್ಲಿಷ್ ಪಾಠ ಓದಿ ಧ್ವನಿಮುದ್ರಿಸುವ ಕೆಲಸ, ಅವಳ ಮೊದಲ ಕೆಲಸ, ಓದು ಕೆಟ್ಟರೆ ಕೆಡಿಸಿದ್ದು ಮೇಡಮ್ಮೇ, ಬೇರೆ ಯಾರ ತಲೆಗೂ ಕಟ್ಟುವಂತಿಲ್ಲ. ಯಗಟಿಯ ಮನೆಯಲ್ಲಿ ಹಕಾರವೇ ಇರಲಿಲ್ಲವಲ್ಲ, ಅವ್ವ ತೀರ್ಥಮ್ಮ ಒಲೆ ಮುಂದೆ ಕೂತು ಸುಮೀ ಆಲು ಕಾಯ್ಸೇ, ಅಸೀಗೆ ಉಲ್ಲಾಕ್ಬಾರೇ, ಹಾಲೂ ಹಸುವೂ ಹುಲ್ಲೂ ಹಕಾರವಿಲ್ಲದೆಯೇ ಸುಖವಾಗಿದ್ದವು, ತರೀಕೆರೆಯ ಹಾಸ್ಟೆಲ್ಲಿಗೆ ಬಂದ ಮೇಲೆ ತಾನೆ ಹುಡುಗಿಯರು ಬಿದ್ದೂ ಬಿದ್ದೂ ನಕ್ಕದ್ದು, ನೀರಿನ ತೊಟ್ಟಿಯ ಹಿಂದೆ ನಿಂತು ಹಾಲು ಹಾಲು ಹಾಲು ಅಂತ ಗಂಟಲು ಒಣಗಿಸಿಕೊಂಡು ಕನ್ನಡವನ್ನು ರಿಪೇರಿ ಮಾಡಿಕೊಂಡಳು, ಇಂಗ್ಲಿಷ್ ಹಾಗೆಯೇ ಉಳಿಯಿತು — ಕನ್ನಡದಲ್ಲಿ ತಪ್ಪಿದರೆ ನಗಲು ಹಾಸ್ಟೆಲ್ಲಿಗೆ ಹಾಸ್ಟೆಲ್ಲೇ ಇತ್ತು, ಇಂಗ್ಲಿಷಿನಲ್ಲಿ ತಪ್ಪಿದರೆ ನಗುವವರು ಯಾರು, ದಪ್ಪ ದಪ್ಪ ಕಾದಂಬರಿಗಳನ್ನು ತುಟಿ ಅಲುಗಿಸದೆ ಕಣ್ಣಲ್ಲೇ ಓದಿದಳು, ಬರೆದದ್ದಕ್ಕೆಲ್ಲ ಅಂಕ ಬಂತು, ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ಬಂತು, ಆಮೇಲೆ ತಿದ್ದುವವರು ಯಾರು, ವಿದ್ಯಾರ್ಥಿಗಳು ಹೆದರಿ ಸುಮ್ಮನೆ, ಜೊತೆಯವರು ಮರ್ಯಾದೆಗೆ ಸುಮ್ಮನೆ, ಪ್ರಿನ್ಸಿಪಾಲ್ ಓಂಕಾರೇಶ್ ಸಾರ್ ಬೇರೆ, ನಮ್ ಸುಮನಾ ಮೇಡಮ್ಗೆ ಇಂಗ್ಲಿಷ್ ಅಂದ್ರೆ ನೀರು ಕುಡ್ದಂಗೆ ಕಣ್ರೀ, ಅವಳೂ ಆ ನೀರನ್ನೇ ಕುಡಿದು ತೇಗಿದಳು, ಹೇಳಿದ್ದು ಎಲ್ಲರಿಗೂ ತಿಳಿಯುತ್ತದಲ್ಲ, ಇನ್ನೇನು ಬೇಕು.

ಆಮೇಲೆ ಆ ದಿನ, ಲೈಬ್ರರಿಯ ಜಗಲಿಯಲ್ಲಿ ಶ್ರುತಿ, ಮೇಡಂ ಬೇಜಾರ್ ಮಾಡ್ಕೋಬೇಡಿ, ನನ್ ಫೋನಲ್ಲಿ ಓದೋ ಹೆಂಗ್ಸು ಹೌಸ್ ಅಂತಾಳೆ, ನಿಮ್ ರೆಕಾರ್ಡಿಂಗಲ್ಲಿ ಔಸ್ ಅಂತ ಕೇಳ್ಸುತ್ತೆ, ನಾನು ಯಾವ್ದು ಕಲೀಲಿ — ಮುಖಕ್ಕೆ ರಕ್ತ ನುಗ್ಗಿತು, ಫೋನು ಯಂತ್ರ ಕಣೇ ಅದಕ್ಕೇನು ಗೊತ್ತು ಅಂದುಬಿಟ್ಟಳು, ಹುಡುಗಿ ವಾದ ಮಾಡಲಿಲ್ಲ, ತಡಕಿಕೊಂಡು ಬಂದು ಮೇಡಮ್ಮಿನ ಬಾಯಿಯ ಮುಂದೆ ಅಂಗೈ ಬಿಡಿಸಿ ಹಿಡಿದಳು, ತೀರ್ಥಕ್ಕೆ ಹಿಡಿದ ಹಾಗೆ, ಹೇಳಿ ಮೇಡಂ, ಉಸ್ರು ಬಿದ್ರೆ ಹಕಾರ ಐತೆ, ಬೀಳ್ದಿದ್ರೆ ಇಲ್ಲ. ಹೇಳಿದಳು, ಬೀಳಲಿಲ್ಲ. ಅಜ್ಜಂಪುರದ ಬಸ್ಸಿನಲ್ಲಿ ಮನೆ ಮುಟ್ಟುವವರೆಗೂ ಉರಿ, ಯಾಕೇ ಮುಖ ಊದಿಸ್ಕಂಡಿದೀಯ ಅಂತ ಗಂಡ ಕಾಂತರಾಜ್, ಏನಿಲ್ಲ, ಸಾರಿಗೆ ಒಗ್ಗರಣೆ ಹಾಕುತ್ತ ಹಾಕುತ್ತ ತನ್ನ ಅಂಗೈಯನ್ನೇ ಬಾಯಿಯ ಮುಂದೆ ಹಿಡಿದು ನೋಡಿದಳು, ಹೌಸ್, ಹಿಲ್, ಹ್ಯಾಪಿ, ಬೆಚ್ಚಗೆ ಏನೋ ತಾಗಿತು, ನಗು ಬಂತು, ಕಣ್ಣೂ ತುಂಬಿತು, ಎಷ್ಟು ಪುಣ್ಯ ಮಾಡಿದ್ದಳು ಈ ಹುಡುಗಿ ಸಿಗಲು, ಇವಳು ಬಾಯಿ ಬಿಡದಿದ್ದರೆ ಒಂದು ದಿನ ಹಾರ ಹಾಕಿಸಿಕೊಂಡು ರಿಟೈರ್ ಆಗಿ ಹಾಗೆಯೇ ಮನೆಗೆ ಹೋಗುತ್ತಿದ್ದಳು, ನೀವು ಹೇಳಿದ್ದು ತಪ್ಪು ಅಂತ ಅನ್ನಲಿಲ್ಲ ನೋಡಿ, ಯಾವ್ದು ಕಲೀಲಿ ಅಂದಳು, ಎಂಥ ಹುಡುಗಿ. ಮರುದಿನ, ಹಳೇ ರೆಕಾರ್ಡಿಂಗನ್ನೆಲ್ಲ ಅಳಿಸಿ ಹೊಸದಾಗಿ ಓದಿ ಕೊಡ್ತೀನಿ ಕಣೇ ಅಂದರೆ, ಹೊಸದು ಕೊಡಿ ಮೇಡಂ, ಹಳೇವೂ ಇರ್ಲಿ, ನಂಗೆ ಇಂಗ್ಲಿಷ್ ಬಂದಿದ್ದೇ ಅವುಗಳಿಂದ — ಶ್, ಒಳಗೆ ಓದು ಶುರುವಾಯಿತು, ಬೆರಳು ಹಾಳೆಯ ಮೇಲೆ ಓಡುವ ಹಾಗೆ ದನಿಯೂ ಓಡುತ್ತಿದೆ, ಮೊದಲ ಸಾಲು ದಾಟಿತು, ಎರಡನೆಯದರಲ್ಲಿ ತಡೆದಳು, ಯಾಕೆ ತಡೆದಳು, ಅಯ್ಯೋ ಉಸಿರು ಬಿಡೇ, ಸುಮನಾಳ ಕೈ ತಾನಾಗಿ ಬಾಯಿಯ ಮುಂದೆ ಬಂತು, ಹೌಸ್, ಅಂದಳು ಒಳಗಿನವಳು, ತುಂಬು ಉಸಿರಿನ ಹೌಸ್, ಓದು ಮುಗಿಯಿತು, ಫ್ಯಾನಿನ ಸದ್ದು, ಚೆನ್ನಾಗೋದ್ತೀಯಲ್ಲಮ್ಮ, ಉಚ್ಚಾರಣೆ ಯಾರು ಹೇಳ್ಕೊಟ್ರು, ನಮ್ ಮೇಡಂ ಸಾರ್, ಹೊರ್ಗೆ ಕೂತಿದ್ದಾರೆ — ಅಲ್ಲ ಕಣೇ, ನಾನಲ್ಲ, ನೀನು, ಎದ್ದು ಹೇಳಬೇಕು, ಬಾಯಿ ತೆರೆಯಿತು, ಉಸಿರಷ್ಟೇ ಬಂತು, ಬೆಚ್ಚಗೆ, ಬಿಡಿಸಿದ ಅಂಗೈಯ ಮೇಲೆ.